ಹತ್ತು ನಿಮಿಷದಲ್ಲಿ ಗೆದ್ದ ಹೆಡ್‌ಫೋನ್ ಎರಡು ತಾಸಿನಲ್ಲಿ ಸೋತಿತು

ತಂಬೂರಿ_ತಿಲಕವಾಡಿ, ಬೆಳಗಾವಿ

ಸ್ವಲ್ಪ ಉದ್ದ ಬರೆಯುತ್ತೇನೆ. ಚಹಾ ಮಾಡಿಕೊಂಡು ಬಂದು ಓದಿ.

ನನ್ನ ಹತ್ತಿರ ಆರು ವರ್ಷದಿಂದ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ಇದೆ. 2003ರಲ್ಲಿ ಬಂದ ಮಾಡೆಲ್, ತೂಕ 260 ಗ್ರಾಂ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಜೀವನದಲ್ಲಿ ಒಮ್ಮೆ ದೊಡ್ಡದೊಂದು ತೆಗೆದುಕೊಳ್ಳೋಣ ಅಂತ ದುಡ್ಡು ಕೂಡಿಸುತ್ತ ಬಂದಿದ್ದೇನೆ. ತೊಂದರೆ ಏನೆಂದರೆ, ಲಕ್ಷದ ವಸ್ತುವನ್ನು ಕಿವಿಗೆ ಹಾಕಿ ನೋಡಲು ನನಗೆ ಬೆಳಗಾವಿಯಲ್ಲಿ ಜಾಗ ಸಿಕ್ಕಿಲ್ಲ. ಹೋದ ವರ್ಷ ರಾತ್ರಿ ಬಸ್ಸು ಹಿಡಿದು ದೊಡ್ಡ ಊರಿನ ಒಂದು ಅಂಗಡಿಗೆ ಹೋಗಿದ್ದೆ. ಸಿಕ್ಕಿದ್ದು ಹತ್ತು ನಿಮಿಷ. ತಲೆ ಮೇಲೆ ಏಸಿ ಗುಯ್‌ಗುಡುತ್ತಿತ್ತು, ಹಿಂದೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ, ಹಾಡು ಅಂಗಡಿಯವರದೇ. ಸೀರೆ ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಹೊತ್ತು ಕೂರಿಸಿ ತೋರಿಸುತ್ತಾರೆ.

ಈ ಸಲ ಅದೃಷ್ಟ. ಹಿರಿಯ ಸ್ನೇಹಿತರೊಬ್ಬರು ಮಗಳ ಮನೆಗೆ ಹೊರಟಾಗ ತಮ್ಮ ಎರಡು ಹೆಡ್‌ಫೋನ್‌ಗಳನ್ನು ನನ್ನ ಹತ್ತಿರ ಬಿಟ್ಟುಹೋದರು. ಒಂದು ಸೆನ್‌ಹೈಸರ್ ಕಂಪನಿಯದೇ ಎಚ್‌ಡಿ 800 ಎಸ್. ಇನ್ನೊಂದು ದೊಡ್ಡ ಪ್ಲೇನಾರ್ (ತೆಳು ಹಾಳೆ ಕಂಪಿಸಿ ಸದ್ದು ಮಾಡುವ ಜಾತಿ), 600 ಗ್ರಾಂ ದಾಟುತ್ತದೆ. ಅದರ ಹೆಸರು ಹೇಳುವುದಿಲ್ಲ. ಅವರು ಅದನ್ನು ಮಾರುವ ಯೋಚನೆಯಲ್ಲಿದ್ದಾರೆ, ನನ್ನ ಮಾತಿನಿಂದ ರೇಟು ಇಳಿಯಬಾರದು.

ಮೊದಲ ರಾತ್ರಿ ಪ್ಲೇನಾರ್ ಹಾಕಿಕೊಂಡೆ. ಕುಮಾರ ಗಂಧರ್ವರ ಹಳೆಯ ಧ್ವನಿಮುದ್ರಣ. 1924ರಲ್ಲಿ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದವರು, ಆ ಅಭಿಮಾನ ಬೇರೆ. ತಬಲಾ ಜೋಡಿಯ ದಪ್ಪ ಸದ್ದಿನ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಒಂದು ಗುಂಯ್ ಬರುತ್ತದಲ್ಲ, ಅದು ನೇರ ನನ್ನ ಗಂಟಲಿಗೇ ಬಂತು. ನನ್ನ 650ಯಲ್ಲಿ ಆ ಸದ್ದು ಪಕ್ಕದ ಕೋಣೆಯಿಂದ ಬಂದ ಹಾಗಿರುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಮನಸ್ಸಿನಲ್ಲೇ ದುಡ್ಡು ಎಣಿಸಿ ಕೊಟ್ಟಾಗಿತ್ತು.

ನಲವತ್ತು ನಿಮಿಷಕ್ಕೆ ನೆತ್ತಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಉರಿಯತೊಡಗಿತು. ಸಿಂಬಿ ಇಲ್ಲದೆ ಕೊಡ ಹೊತ್ತ ಹಾಗೆ. ಹೆಡ್‌ಬ್ಯಾಂಡ್ ಮುಂದೆ ಸರಿಸಿದೆ, ಹಿಂದೆ ಸರಿಸಿದೆ. ಒಂದೂವರೆ ತಾಸಿಗೆ ಕತ್ತು ಹಿಡಿಯಿತು. ಎರಡು ತಾಸು ಆಗುವ ಹೊತ್ತಿಗೆ ಗಮನಿಸಿದೆ: ದ್ರುತ್ (ಹಾಡಿನ ವೇಗದ ಭಾಗ) ಶುರುವಾಗಿ ಎಷ್ಟೋ ಹೊತ್ತಾಗಿದೆ, ನಾನು ಕೇಳುತ್ತಲೇ ಇಲ್ಲ. ಇದು ಯಾವಾಗ ಮುಗಿದೀತು ಅಂತ ಕಾಯುತ್ತ ಕೂತಿದ್ದೇನೆ. ಕುಮಾರ ಗಂಧರ್ವರ ಹಾಡು ಮುಗಿಯಲಿ ಅಂತ ಕಾಯುವ ಗತಿ ನನಗೆ ಬಂತಲ್ಲ ಅನ್ನಿಸಿತು.

ಮರುದಿನ 800 ಎಸ್. 330 ಗ್ರಾಂ. ಬಟ್ಟಲು ಎಷ್ಟು ದೊಡ್ಡದೆಂದರೆ ಕಿವಿಗೆ ಏನೂ ತಾಗುವುದಿಲ್ಲ. ನೀರು ಕುಡಿಯಲು ಎದ್ದು ಹೊರಟೆ, ವೈರ್ ಎಳೆದು ಆಂಪ್ (ಆಂಪ್ಲಿಫೈಯರ್) ಮೇಜಿನಿಂದ ಬೀಳುವುದರಲ್ಲಿತ್ತು. ತಲೆ ಮೇಲೆ ವಸ್ತು ಇದೆ ಅನ್ನುವುದನ್ನೇ ಮರೆತಿದ್ದೆ. ಆದರೆ ಡಗ್ಗಾ ತೆಳುವಾಯಿತು. ಟೇಪಿನ ಸುಂಯ್ ಸದ್ದು ಹಾಡುಗಾರರಿಗಿಂತ ಮುಂದೆ ಬಂದು ಕೂತಿತ್ತು.

ಮೊದಲು ಸದ್ದು ನೋಡಬೇಕಾ, ಆರಾಮ ನೋಡಬೇಕಾ? ನನಗೀಗ ಇವೆರಡೂ ಒಂದೇ ಪ್ರಶ್ನೆ ಅನ್ನಿಸುತ್ತಿದೆ. ತಲೆ ನೋಯುವಾಗ ಕಿವಿ ಕೇಳುವುದಿಲ್ಲ. ನೀವೆಲ್ಲ ಏನಂತೀರಿ?

ಬೆಸುಗೆ_ಕಡ್ಡಿ, ಗೋಕಾಕ

ತಂಬೂರಿ ಸರ್, ವಾಲ್ಯೂಮ್ ಎಲ್ಲಿಟ್ಟಿದ್ದಿರಿ?

ತಂಬೂರಿ_ತಿಲಕವಾಡಿ, ಬೆಳಗಾವಿ

ಎರಡಕ್ಕೂ ಹಿತ ಅನ್ನಿಸುವಷ್ಟು. ನಾಬ್ ಎಲ್ಲಿತ್ತು ಅಂತ ನೋಡಲಿಲ್ಲ. ಯಾಕೆ?

ಬೆಸುಗೆ_ಕಡ್ಡಿ, ಗೋಕಾಕ

ಹಾಗಾದರೆ ನಿಮ್ಮ ಹತ್ತು ನಿಮಿಷದ ತೀರ್ಪನ್ನು ಪಕ್ಕಕ್ಕಿಡಿ. ಎರಡು ತಾಸಿನದ್ದು ಇರಲಿ, ಕತ್ತು ಸುಳ್ಳು ಹೇಳುವುದಿಲ್ಲ.

ನಾನು ಇಪ್ಪತ್ತು ವರ್ಷದಿಂದ ಆಂಪ್ ರಿಪೇರಿ ಮಾಡುತ್ತೇನೆ. ಎರಡು ಡಬ್ಬಿ ಪಕ್ಕಪಕ್ಕ ಇಟ್ಟು, ಒಂದರ ಸದ್ದನ್ನು ಒಂದೇ ಡೆಸಿಬಲ್ ಏರಿಸಿ ಕೇಳಿಸಿದರೆ, ಗಿರಾಕಿ ಅದನ್ನೇ 'ಸ್ಪಷ್ಟ ಐತಿ' ಅನ್ನುತ್ತಾರೆ. 'ಜೋರು ಐತಿ' ಅಂತ ಯಾರೂ ಅನ್ನುವುದಿಲ್ಲ. ಅಷ್ಟು ಸಣ್ಣ ಏರಿಕೆ ಜೋರು ಅಂತ ಗೊತ್ತಾಗುವುದಿಲ್ಲ, ಚಲೋ ಅಂತ ಗೊತ್ತಾಗುತ್ತದೆ. ಜೊತೆಗೆ ಸದ್ದು ಕಡಿಮೆ ಇದ್ದಾಗ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳಿಸುತ್ತದೆ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಿಮ್ಮ ಡಗ್ಗಾ ತೆಳುವಾಗಿದ್ದರಲ್ಲಿ ಇದರ ಪಾಲು ಎಷ್ಟು ಅಂತ ಮೊದಲು ನೋಡಿ.

ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಪ್ಲೇನಾರ್ ಯಾವುದೋ ಗೊತ್ತಿಲ್ಲ, ಎಲ್ಲರಿಗೂ ಗೊತ್ತಿರುವ ಎಲ್‌ಸಿಡಿ-ಎಕ್ಸ್ ಇಟ್ಟುಕೊಳ್ಳೋಣ. 20 ಓಮ್, 1 ಮಿಲಿವಾಟ್‌ಗೆ 103 ಡೆಸಿಬಲ್. (Audeze ಅನ್ನುವ ಆ ಕಂಪನಿಯ ಹೆಸರನ್ನು 'ಒಡಿಸಿ' ಅಂತ ಓದಬೇಕಂತೆ. ಸ್ಪೆಲ್ಲಿಂಗ್ ನೋಡಿದರೆ ಯಾರಿಗೂ ಹಾಗನ್ನಿಸುವುದಿಲ್ಲ.) ಅದಕ್ಕೆ 1 ವೋಲ್ಟ್ ಕೊಟ್ಟರೆ 50 ಮಿಲಿವಾಟ್ ಆಯಿತು, ಅಂದರೆ 17 ಡೆಸಿಬಲ್ ಜಾಸ್ತಿ, ಒಟ್ಟು 120. ಅದೇ 1 ವೋಲ್ಟ್ ಅನ್ನು 300 ಓಮಿನ 800 ಎಸ್‌ಗೆ ಕೊಟ್ಟರೆ 102. ನಾಬ್ ಒಂದೇ ಜಾಗದಲ್ಲಿದ್ದರೆ 18 ಡೆಸಿಬಲ್ ಅಂತರ! 'ಹಿತ ಅನ್ನಿಸುವಷ್ಟು' ಅಂತ ಕೈಯಂದಾಜಿನಲ್ಲಿ ಹೊಂದಿಸಿದರೆ ಮೂರು ನಾಲ್ಕು ಡೆಸಿಬಲ್ ಆಚೀಚೆ ಆಗಿಯೇ ಆಗುತ್ತದೆ.

ಹೀಗೆ ಮಾಡಿ. ದಪ್ಪ ರಟ್ಟಿನಲ್ಲಿ ಮೈಕ್ ತೂರುವಷ್ಟು ತೂತು ಕೊರೆಯಿರಿ. ಹಿಂದಿನಿಂದ ಸಣ್ಣ ಮೈಕ್ ಇಡಿ, ಮುಂದಿನಿಂದ ಹೆಡ್‌ಫೋನಿನ ಬಟ್ಟಲು ಒತ್ತಿ ಕೂರಿಸಿ. ಪಿಂಕ್ ನಾಯ್ಸ್ (ಎಲ್ಲ ಸ್ವರ ಬೆರೆತ, ಪರೀಕ್ಷೆಗೆ ಬಳಸುವ ಸುಯ್ ಸದ್ದು) ಹಾಕಿ, ಎರಡರಲ್ಲೂ ಮೀಟರ್ ಒಂದೇ ಅಂಕಿ ತೋರಿಸುವ ಹಾಗೆ ನಾಬ್ ತಿರುಗಿಸಿ, ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ರಟ್ಟು ಕಿವಿ ಅಲ್ಲ, ಹಾಗಾಗಿ ಇದು ಒರಟು ಅಳತೆ. ಕೈಯಂದಾಜಿಗಿಂತ ಎಷ್ಟೋ ವಾಸಿ.

ನವನಗರ_ಬಿಸಿಲು, ಬಾಗಲಕೋಟೆ

ಬೆಸುಗೆ ಅಣ್ಣ ಹೇಳಿದ್ದು ಸರಿ. ನನ್ನದು ಬೇರೆ ಪ್ರಶ್ನೆ. ತಂಬೂರಿ ಅವರೇ, ನಿಮ್ಮ 650ಯ ಪ್ಯಾಡ್ ಎಷ್ಟು ವರ್ಷದ್ದು? ಆರು ವರ್ಷದ್ದೇ ಆಗಿದ್ದರೆ ನೀವು ಹೋಲಿಸಿದ್ದು 650ಯನ್ನಲ್ಲ, ಅದರ ಮುದಿತನವನ್ನು.

ಆರಾಮದ ಬಗ್ಗೆ ಬರೆಯುವ ಗಂಡಸರೆಲ್ಲ ತೂಕ, ಬಿಗಿತ ಅಂತ ನಿಲ್ಲಿಸಿಬಿಡುತ್ತಾರೆ. ನನಗೆ ಮೂರು ವಿಷಯ ಜಾಸ್ತಿ ಇವೆ: ಕನ್ನಡಕ, ಬೆಂಡೋಲೆ, ಜಡೆ. ಬೆಂಡೋಲೆ ಹಾಕಿಕೊಂಡು ಬಿಗಿ ಹೆಡ್‌ಫೋನ್ ತೊಟ್ಟು ನೋಡಿ. ಅದರ ತಿರುಪು ಕಿವಿಯ ಹಿಂದೆ ಎಲುಬಿಗೆ ಒತ್ತುತ್ತದೆ, ಅರ್ಧ ತಾಸಿಗೆ ಅಲ್ಲಿ ಕೆಂಪು ಚುಕ್ಕೆ. ಪ್ರತಿ ಸಲ ಬಿಚ್ಚಿಟ್ಟು ಹಾಡು ಕೇಳಲು ಆಗುತ್ತದಾ? ಜಡೆ ಎತ್ತಿ ಕ್ಲಿಪ್ ಹಾಕಿದರೆ ಹೆಡ್‌ಬ್ಯಾಂಡ್ ಹಣೆಯ ಕಡೆ ಜಾರುತ್ತದೆ. ಕನ್ನಡಕದ ಕಡ್ಡಿ ಪ್ಯಾಡಿನ ಕೆಳಗೆ ಸಂದು ಮಾಡುತ್ತದೆ. ಆ ಸಂದಿನಿಂದ ಮೊದಲು ಸೋರುವುದು ಬೇಸ್. ಕ್ಲೋಸ್ಡ್ ಬ್ಯಾಕ್‌ನಲ್ಲಂತೂ (ಬಟ್ಟಲಿನ ಹಿಂಬದಿ ಮುಚ್ಚಿದ್ದರಲ್ಲಿ) ಇದು ಎದ್ದು ಕಾಣುತ್ತದೆ. ಪರೀಕ್ಷೆ ಸುಲಭ. ಹಾಡು ನಡೆಯುತ್ತಿರುವಾಗ ಎರಡೂ ಅಂಗೈಯಿಂದ ಬಟ್ಟಲನ್ನು ಮೆತ್ತಗೆ ಒತ್ತಿ. ಬೇಸ್ ದಪ್ಪಗಾದರೆ ನಿಮ್ಮ ತಲೆಯ ಮೇಲೆ ಅದು ಸೋರುತ್ತಿದೆ ಅಂತ ಅರ್ಥ. ವಿಮರ್ಶೆ ಬರೆದವರ ತಲೆಯ ಮೇಲೆ ಸೋರಿರಲಿಕ್ಕಿಲ್ಲ. ನಾನು ತೆಳು ಲೋಹದ ಕಡ್ಡಿಯ ಕನ್ನಡಕ ಮಾಡಿಸಿಕೊಂಡೆ, ಅರ್ಧ ಸಮಸ್ಯೆ ಹೋಯಿತು. ಹೆಡ್‌ಫೋನಿಗಾಗಿ ಕನ್ನಡಕ ಬದಲಿಸಿದವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ರೆಕ್ಸಿನ್ ಥರದ ಪ್ಯಾಡ್ ಆದರೆ ಹದಿನೈದು ನಿಮಿಷಕ್ಕೆ ಕಿವಿ ಸುತ್ತ ನೀರು. ಒದ್ದೆಯಾದ ಪ್ಯಾಡ್ ಚರ್ಮಕ್ಕೆ ಅಂಟಿಕೊಂಡು ಸದ್ದೂ ಬದಲಾಗುತ್ತದೆ. ನನ್ನ ಹಳೆಯ ಒಂದು ಜೋಡಿಯ ಪ್ಯಾಡಿನ ಮೇಲ್ಪದರ ಎರಡನೇ ಬೇಸಿಗೆಗೆ ಒಣ ರೊಟ್ಟಿಯ ಹಾಗೆ ಚೂರುಚೂರಾಗಿ ಕೆನ್ನೆಗೆ ಮೆತ್ತಿಕೊಂಡಿತು. ಕೊಟ್ಟ ಅಂಗಡಿಯವರು ಇದು ವಾರಂಟಿಯಲ್ಲಿ ಬರಲ್ಲ ಅಂದರು. ಈಗ ಬೈಯರ್‌ಡೈನಾಮಿಕ್ ಡಿಟಿ 880 ಇಟ್ಟುಕೊಂಡಿದ್ದೇನೆ. ಮಖಮಲ್ ಪ್ಯಾಡ್, ಗಾಳಿಯಾಡುತ್ತದೆ. ಆದರೆ ಮಖಮಲ್ ಮೂಲಕ ಬೇಸ್ ಸ್ವಲ್ಪ ಸೋರುತ್ತದೆ. ನನಗೆ ಪರವಾಗಿಲ್ಲ, ಬೆವರಿಗಿಂತ ವಾಸಿ.

ತಂಬೂರಿ_ತಿಲಕವಾಡಿ, ಬೆಳಗಾವಿ

ಅಕ್ಕ, ಸಿಕ್ಕಿಬಿದ್ದೆ. ಪ್ಯಾಡ್ ಆರು ವರ್ಷದ್ದೇ. ಈಗ ಬೆರಳಿನಿಂದ ಒತ್ತಿ ನೋಡಿದೆ, ಹಿಂದಿನ ಪ್ಲಾಸ್ಟಿಕ್ ಕೈಗೆ ಸಿಗುತ್ತದೆ. ಇವತ್ತೇ ಹೊಸದಕ್ಕೆ ಆರ್ಡರ್ ಹಾಕುತ್ತೇನೆ.

ಗ್ರಾಫ್_ಪ್ರಿಯ, ವಿಜಯಪುರ

ಎಲ್ಲರೂ ಹಿರಿಯರು, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಯಾಕೆ? ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಅಳತೆಯ ಗ್ರಾಫ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹರ್ಮನ್ ಗೆರೆಗೆ (ಬಹಳ ಕೇಳುಗರಿಗೆ ಹಿಡಿಸಿದ ಮಾದರಿ ಗೆರೆ) ಹತ್ತಿರ ಇರುವುದನ್ನು ತೆಗೆದುಕೊಳ್ಳಿ, ಉಳಿದದ್ದನ್ನು ಈಕ್ಯೂ ಹಾಕಿ (ಅಂದರೆ ಬೇಕಾದ ಸ್ವರ ಏರಿಸಿ ಇಳಿಸಿ) ಸರಿಮಾಡಿ. ಮುಗೀತು. ಡಗ್ಗಾ, ಗಂಟಲು, ಮುದಿತನ ಇದೆಲ್ಲ ಕವಿತೆ.

ಬೆಳ್ಳಿ_ತಂತಿ, ಬೆಳಗಾವಿ

ಕೇಬಲ್ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ. 800 ಎಸ್‌ಗೆ ಶುದ್ಧ ಬೆಳ್ಳಿ ಕೇಬಲ್ ಹಾಕಿ ನೋಡಿ, ಟ್ರೆಬಲ್ ಮೃದುವಾಗುತ್ತದೆ.

ಬೆಸುಗೆ_ಕಡ್ಡಿ, ಗೋಕಾಕ

ಬೆಳ್ಳಿ ಬೇಕಿದ್ದರೆ ಸರಾಫರ ಅಂಗಡಿಗೆ ಹೋಗಿ ಕಾಲುಂಗುರ ತೆಗೆದುಕೊಳ್ಳಿ. ಮನೆಯವರಾದರೂ ಖುಷಿ ಪಡುತ್ತಾರೆ. ಪಿನ್ ಸಡಿಲ ಇಲ್ಲದ, ಕರಕರ ಅನ್ನದ ಯಾವ ಕೇಬಲ್ ಆದರೂ ನನಗೆ ಸಾಕು.

ಗ್ರಾಫ್ ತಮ್ಮಾ, ನೀನು ಹೇಳಿದ್ದರಲ್ಲಿ ಅರ್ಧ ಖರೆ. ಹರ್ಮನ್‌ನ ಶಾನ್ ಆಲಿವ್, ಟಾಡ್ ವೆಲ್ಟಿ ತಂಡ 2012-13ರ ಹೊತ್ತಿಗೆ ಮಾಡಿದ ಕೆಲಸ ದೊಡ್ಡದು. ಗ್ರಾಫ್‌ನಲ್ಲಿ ನೆಟ್ಟಗೆ ಅಡ್ಡಗೆರೆ ಇದ್ದರೆ ಚಲೋ ಹೆಡ್‌ಫೋನ್ ಅಂತ ತಿಳಿದಿದ್ದವರು ಬಹಳ ಜನ ಇದ್ದರು. ಸ್ಪೀಕರ್ ಮುಂದೆ ಕೂತಾಗ ಕಿವಿಯ ಆಕಾರವೇ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ಎತ್ತಿ ಕೊಡುತ್ತದೆ. ಹಾಗಾಗಿ ಹೆಡ್‌ಫೋನೂ ಅಲ್ಲಿ ಒಂದು ಗುಡ್ಡ ತೋರಿಸಬೇಕು. ಇದು ಗೊತ್ತಿಲ್ಲದೆ ಗ್ರಾಫ್ ಓದಿದರೆ ಉಲ್ಟಾ ಅರ್ಥ ಬರುತ್ತದೆ.

ಉಳಿದರ್ಧ ಕೇಳು. 8,000 ಹರ್ಟ್ಸ್ ಮೇಲೆ ಹೋದರೆ ನಿನ್ನ ಕಿವಿ ಬೇರೆ, ನನ್ನ ಕಿವಿ ಬೇರೆ, ಅಳೆಯುವ ಯಂತ್ರದ ರಬ್ಬರ್ ಕಿವಿ ಬೇರೆ. ಬಟ್ಟಲು ಅರ್ಧ ಸೆಂಟಿಮೀಟರ್ ಸರಿದರೆ ಅಲ್ಲಿನ ಗೆರೆ ಕುಣಿಯುತ್ತದೆ. ಅದಕ್ಕೆಲ್ಲ ಈಕ್ಯೂ ಹಾಕಲು ಹೋಗಬೇಡ. ಕೆಳಗಿನ ಬೇಸ್ ಎರಡು ಮೂರು ಡೆಸಿಬಲ್ ಏರಿಸಬೇಕಾ, ಧಾರಾಳವಾಗಿ ಏರಿಸು. 2009ರ ಎಚ್‌ಡಿ 800ರಲ್ಲಿ 6,000 ಹರ್ಟ್ಸ್ ಸುಮಾರಿಗೆ ಒಂದು ಮುಳ್ಳಿತ್ತು. ಕಂಪನಿಯೇ ಮುಂದೆ 800 ಎಸ್ ತಂದಾಗ ಒಳಗೆ ಒಂದು ಹೀರುವ ಕೋಣೆ ಕೂರಿಸಿ ಅದನ್ನು ತಗ್ಗಿಸಿತು. ಆ ಮುಳ್ಳು ಗ್ರಾಫ್‌ನಲ್ಲೂ ಕಂಡಿತ್ತು, ಮಂದಿಯ ಕಿವಿಗೂ ಚುಚ್ಚಿತ್ತು. ಹಾಗೆ ಎರಡೂ ಒಪ್ಪಿದಾಗ ನಂಬು. ಮತ್ತೆ, ಯಾವ ಗ್ರಾಫ್‌ನಲ್ಲೂ 600 ಗ್ರಾಂ ಕಾಣುವುದಿಲ್ಲ.

ಗ್ರಾಫ್_ಪ್ರಿಯ, ವಿಜಯಪುರ

ಸರಿ ಸರ್, ತೂಕದ ಮಾತು ಒಪ್ಪಿದೆ. ನನ್ನ ಕತ್ತಿಗಿನ್ನೂ ಇಪ್ಪತ್ತೊಂದು ವರ್ಷ.

ಮಗ್ಗದ_ಮನೆ, ಬನಹಟ್ಟಿ

ನಾನು ಸುಮ್ನೆ ಓದುತ್ತ ಹೋಗುವವನು. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮ ಮನೆಯ ಕೆಳಗಡೆ ಪವರ್‌ಲೂಮ್ ಇವೆ. ಮಗ್ಗ ಓಡುವಾಗ ಅಡುಗೆಮನೆಯಲ್ಲಿ ಅವ್ವ ಕೂಗಿದ್ದು ಪಡಸಾಲೆಗೆ ಕೇಳಿಸುವುದಿಲ್ಲ. ನಾವು ತುಟಿ ನೋಡಿ ಮಾತು ತಿಳಿಯುವವರು. ಇಂಥಲ್ಲಿ ನಾನು ಬುದ್ಧಿ ಇಲ್ಲದೆ ಓಪನ್ ಬ್ಯಾಕ್ ತರಿಸಿದ್ದೆ. ಹೆಸರೇ ಹೇಳುವ ಹಾಗೆ ಅದು ತೆರೆದ ಕಿಟಕಿ. ಹೊರಗಿನ ಖಟಖಟ ಪೂರ್ತಿ ಒಳಗೆ. ಅದನ್ನು ಮುಚ್ಚಲು ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ. ವಾರ ಆದಮೇಲೆ ರಾತ್ರಿ ಮಗ್ಗ ನಿಂತ ಮೇಲೂ ಕಿವಿಯಲ್ಲಿ ಕುಂಯ್ ಅನ್ನತೊಡಗಿತು.

ಹೆದರಿ ಡಾಕ್ಟರಿಗೆ ಕಿವಿ ತೋರಿಸಿದೆ. ಅವರು ಗಾಜಿನ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿಸಿದಾಗ ಗುಂಡಿ ಒತ್ತು ಅಂದರು. ಬಂದ ಚೀಟಿಯಲ್ಲಿ ಗೆರೆ 4,000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದು ಮತ್ತೆ ಮೇಲೇರಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಅಲ್ಲೇ ಕೆಡುತ್ತದಂತೆ. ಅಪ್ಪನನ್ನೂ ಕರೆದುಕೊಂಡು ಹೋದೆ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವರು. ಅವರ ಗೆರೆ ಆ ಜಾಗದಲ್ಲಿ ಬಾವಿಗೆ ಇಳಿದಿತ್ತು.

ಗ್ರಾಫ್ ಬಗ್ಗೆ ಮಾತಾಡುವವರಿಗೆ ನನ್ನದೊಂದು ಸಲಹೆ. ಹೆಡ್‌ಫೋನಿನ ಗ್ರಾಫ್ ನೋಡುವ ಮೊದಲು ನಿಮ್ಮ ಕಿವಿಯ ಗ್ರಾಫ್ ತೆಗೆಸಿ. ಎಲ್ಲರೂ 'ಚೂಪು, ಚುಚ್ಚುತ್ತದೆ' ಅಂದ ಒಂದು ಹೆಡ್‌ಫೋನ್ ನನಗೆ ಹದವಾಗಿ ಕೇಳಿಸುತ್ತಿತ್ತು. ನನ್ನ ರುಚಿ ದೊಡ್ಡದು ಅಂತ ತಿಳಿದಿದ್ದೆ. ಚೀಟಿ ನೋಡಿದ ಮೇಲೆ ಗೊತ್ತಾಯಿತು ಅದು ರುಚಿ ಅಲ್ಲ ಅಂತ.

ಡಾಕ್ಟರು ಹೇಳಿಕೊಟ್ಟ ಲೆಕ್ಕ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ 1. ಕೆಲಸದ ಜಾಗಕ್ಕೆ ಮಾಡಿದ ಲೆಕ್ಕ ಇದು, ಹಾಡು ಕೇಳುವವರು ಇದಕ್ಕಿಂತ ಕೆಳಗೇ ಇರಿ ಅಂದರು. ನಾನೀಗ ಹಗಲು ಕ್ಲೋಸ್ಡ್ ಬ್ಯಾಕ್, ಅದೂ ಕಡಿಮೆ ಹೊತ್ತು. ಓಪನ್ ಬ್ಯಾಕ್ ರಾತ್ರಿ ಹನ್ನೊಂದರ ಮೇಲೆ, ಮಗ್ಗ ನಿಂತ ಮೇಲೆ ಮಾತ್ರ.

ನವನಗರ_ಬಿಸಿಲು, ಬಾಗಲಕೋಟೆ

ತಮ್ಮಾ, ಇದನ್ನು ಮೊದಲೇ ಬರೆಯಬೇಕಿತ್ತು. ನಮ್ಮ ಮನೆಯಲ್ಲಿ ಫ್ಯಾನ್ ಸದ್ದಿಗೇ ನಾನು ವಾಲ್ಯೂಮ್ ಏರಿಸುತ್ತೇನೆ ಅಂತ ಈಗ ಹೊಳೆಯಿತು. ಫ್ಯಾನ್ ಆರಿಸಿದರೆ ಬೆವರು, ಹಾಕಿದರೆ ಗದ್ದಲ.

ಗುಮ್ಮಟದ_ಗೆಳೆಯ, ವಿಜಯಪುರ

ಯಾರೂ ಸೌಂಡ್‌ಸ್ಟೇಜ್ (ಸದ್ದು ಎಷ್ಟು ಅಗಲದಿಂದ, ಎಷ್ಟು ದೂರದಿಂದ ಬಂದ ಹಾಗೆ ಕೇಳಿಸುತ್ತದೆ ಅನ್ನುವುದು) ಮಾತು ತೆಗೆದಿಲ್ಲ, ನಾನು ತೆಗೆಯುತ್ತೇನೆ. ತಂಬೂರಿ ಅಣ್ಣ, 800 ಎಸ್ ಅಂದರೆ ಎಲ್ಲರೂ 'ಅಗಲ, ಅಗಲ' ಅನ್ನುತ್ತಾರೆ. ಅದರ 56 ಮಿಲಿಮೀಟರ್ ಡ್ರೈವರನ್ನು (ಸದ್ದು ಹೊರಡಿಸುವ ಭಾಗ) ಕಿವಿಗೆ ನೇರ ಇಡದೆ ಮುಂದಿನಿಂದ ಓರೆಯಾಗಿ ಇಟ್ಟಿದ್ದಾರೆ, ಅದಕ್ಕೇ ಆ ಅನುಭವ. ಆದರೆ ಅಗಲ ಕೇಳಿಸಿತು ಅಂದಮಾತ್ರಕ್ಕೆ ಸರಿಯಾಗಿ ಕೇಳಿಸಿತು ಅಂತ ಹೇಗೆ ಗೊತ್ತಾಗಬೇಕು? ಆ ಧ್ವನಿಮುದ್ರಣ ನಡೆದ ಕೋಣೆಯಲ್ಲಿ ನೀವು ಇದ್ದಿರಾ? ಇರಲಿಲ್ಲ.

ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ನನ್ನದೇ ಎರಡು ಕಿವಿಗೆ ಎರಡು ಪುಟ್ಟ ಮೈಕ್ ಸಿಕ್ಕಿಸಿಕೊಂಡು ಬೆಳಿಗ್ಗೆ ಬೇಗ, ಶಾಲೆ ಮಕ್ಕಳು ಬಂದು ಕೂಗಾಟ ಶುರು ಮಾಡುವ ಮೊದಲು, ಗೋಲಗುಮ್ಮಟದ ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತಿದೆ. ಗೆಳೆಯನನ್ನು ಎದುರು ಬದಿಗೆ ಕಳಿಸಿದೆ. ಮಧ್ಯೆ ಸುಮಾರು 37 ಮೀಟರ್ ಖಾಲಿ ಗಾಳಿ. ಅವನು ಒಂದು ಕಾಗದ ಹರಿದ. ಅಷ್ಟೇ.

ಅದು ಎದುರಿನಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನ ಗೋಡೆಯೇ ಹರಿದ ಹಾಗೆ, ಎಡಗಿವಿಯ ಪಕ್ಕದಲ್ಲೇ ಸರ್ರ್ ಅಂತು. ಸದ್ದು ದುಂಡನೆಯ ಗೋಡೆಗೆ ಅಂಟಿಕೊಂಡು ಓಡಿಬರುತ್ತದೆ, ಅದೇ ಈ ಕಟ್ಟಡದ ಮಹಿಮೆ. ಆಮೇಲೆ ಅವನು ಚಪ್ಪಾಳೆ ತಟ್ಟಿದ. ಅದು ಗುಮ್ಮಟದ ಹೊಟ್ಟೆಯೊಳಗೆ ಸುತ್ತಿ ಸುತ್ತಿ ಮತ್ತೆ ಮತ್ತೆ ಬಂತು. ಏಳು ಸಲ ಅಂತ ಗೈಡ್‌ಗಳು ಹೇಳುತ್ತಾರೆ, ನಾನು ಐದರ ಮೇಲೆ ಲೆಕ್ಕ ತಪ್ಪಿದೆ. 1656ರಲ್ಲಿ ಮುಗಿದ ಕಟ್ಟಡ ನನ್ನ ಟೆಸ್ಟ್ ಫೈಲ್ ಆಯಿತು.

ಈಗ ಯಾವ ಹೆಡ್‌ಫೋನ್ ಕೈಗೆ ಸಿಕ್ಕರೂ ಮೊದಲು ಇದನ್ನೇ ಹಾಕುತ್ತೇನೆ. ನಾನು ಅಲ್ಲಿದ್ದೆ, ನನಗೆ ಗೊತ್ತು. ಕಾಗದ ಹರಿದದ್ದು ಕಿವಿಗೆ ತೀರಾ ಹತ್ತಿರ ಇರಬೇಕು, ಚಪ್ಪಾಳೆ ದೂರ ಇರಬೇಕು. ಎಲ್ಲವನ್ನೂ ದೂರ ತಳ್ಳುವ ಹೆಡ್‌ಫೋನ್ ಇದರಲ್ಲಿ ಫೇಲ್. ಇನ್ನೊಂದು, ಹಳೆಯ ಮೋನೋ (ಎರಡೂ ಕಿವಿಗೆ ಒಂದೇ ಸದ್ದು ಬರುವ) ಧ್ವನಿಮುದ್ರಣ ಹಾಕಿ. ಅದು ತಲೆಯ ನಡುವೆ ಸಣ್ಣ ಗೋಲಿಯ ಹಾಗೆ ಕೂರಬೇಕು. ಅಲ್ಲೂ ಅಗಲ ಕೇಳಿಸಿದರೆ ಆ ಅಗಲ ಹೆಡ್‌ಫೋನಿನದು.

ನೀವೂ ನಿಮ್ಮದೇ ಒಂದು ಸದ್ದು ಹಿಡಿಯಿರಿ. ಹೆಸರಿನಲ್ಲೇ ತಂಬೂರಿ ಇದೆಯಲ್ಲ! ನಮ್ಮೂರಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದನಂತೆ. ನಿಮ್ಮದರ ಹೆಸರೇನು?

ಓದುಗ_ಅಥಣಿ

ನಡುವೆ ಒಂದು ಸಣ್ಣ ಪ್ರಶ್ನೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಬಂದಾಗ ಆಂಪ್‌ನಲ್ಲಿ ಝುಂಯ್ ಅನ್ನುತ್ತದೆ. ಆಂಪ್ ಕೆಟ್ಟಿದೆಯಾ?

ಬೆಸುಗೆ_ಕಡ್ಡಿ, ಗೋಕಾಕ

ಇಲ್ಲ. ಅಗ್ಗದ ಇನ್ವರ್ಟರ್ ಕೊಡುವುದು ಚೌಕ ಅಲೆ, ಅದರ ಗದ್ದಲ ಒಳಗೆ ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿ, ಇಲ್ಲವೇ ಕರೆಂಟು ಬರುವ ತನಕ ಕಾಯಿರಿ. ಆಂಪ್‌ನ ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ ಅದು ಬೇರೆ ವಿಷಯ. ಅರ್ಥಿಂಗ್ ನೋಡಿಸಿ, ತಡಮಾಡಬೇಡಿ.

ತಂಬೂರಿ_ತಿಲಕವಾಡಿ, ಬೆಳಗಾವಿ

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ್ದನ್ನು ಮಾಡಿದೆ.

ರಟ್ಟಿನ ಕೆಲಸ ಮೊದಲು. ಬೆಸುಗೆ ಸರ್, ನಾಚಿಕೆಯಾಯಿತು. ಮೊದಲ ರಾತ್ರಿ ಕೇಳಿದಷ್ಟೇ ಹಿತಕ್ಕೆ ಮತ್ತೆ ಹೊಂದಿಸಿ ಅಳೆದರೆ ಪ್ಲೇನಾರ್ 4 ಡೆಸಿಬಲ್ ಮೇಲಿತ್ತು. ಸಮ ಮಾಡಿ ಕೇಳಿದೆ. ಡಗ್ಗಾ ಈಗಲೂ ಅದರಲ್ಲೇ ಚಲೋ, ಆದರೆ ಗಂಟಲಿಗೆ ಬರುವುದಿಲ್ಲ, ಎದೆಯ ಹತ್ತಿರ ನಿಲ್ಲುತ್ತದೆ. 'ದುಡ್ಡು ಎಣಿಸುವ' ಉಮೇದು ಇಳಿಯಿತು.

650ಗೆ ಹೊಸ ಪ್ಯಾಡ್ ಬಂತು. ಹಳೆಯದರ ಪಕ್ಕ ಇಟ್ಟರೆ ಎತ್ತರ ಹೆಚ್ಚುಕಡಿಮೆ ಎರಡು ಪಟ್ಟು. ಅಷ್ಟು ದಿನ ಡ್ರೈವರ್ ನನ್ನ ಕಿವಿಗೆ ಮೂಗು ತಾಗಿಸಿಕೊಂಡು ಕೂತಿತ್ತು. ಈಗ ಸದ್ದು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದೆ. ಬಿಗಿತ ಸ್ವಲ್ಪ ಹೆಚ್ಚಾಗಿದೆ, ಅದಕ್ಕೆ ರಾತ್ರಿ ಪುಸ್ತಕದ ಕಟ್ಟಿಗೆ ಸಿಕ್ಕಿಸಿ ಇಡುತ್ತಿದ್ದೇನೆ.

ಒಂದು ನೋಟ್‌ಬುಕ್ ಮಾಡಿದೆ. ಹಾಕಿದ ಹೊತ್ತು, ತೆಗೆದ ಹೊತ್ತು, ಯಾಕೆ ತೆಗೆದೆ. ಸದ್ದಿನ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ. ಪ್ಲೇನಾರ್: 50 ನಿಮಿಷ, 65, 45. ಕಾರಣ ಮೂರು ಸಲವೂ ನೆತ್ತಿ. 800 ಎಸ್: ಎರಡು ತಾಸು ಹತ್ತು ನಿಮಿಷ (ಊಟಕ್ಕೆ ಕರೆದರು), ಒಂದೂಮುಕ್ಕಾಲು ತಾಸು (ನಿದ್ದೆ), 25 ನಿಮಿಷ (ಹಳೆಯ ಧ್ವನಿಮುದ್ರಣ, ಸುಂಯ್ ಸದ್ದು ತಡೆಯಲಾಗಲಿಲ್ಲ). 650: ಒಂದೂಕಾಲು ತಾಸು, ಒಂದೂವರೆ.

ಆಮೇಲೆ ಗುಮ್ಮಟದ ಗೆಳೆಯರ ಮಾತು. ನಮ್ಮವ್ವ ಹಾಡುತ್ತಾರೆ. ಮನೆಯಲ್ಲಿರುವ ತಂಬೂರಿ ಮಿರಜಿನಲ್ಲಿ ಮಾಡಿಸಿದ್ದು, ನನಗಿಂತ ಹಿರಿದು. ಹೆಸರೇನೂ ಇಟ್ಟಿಲ್ಲ. ದಿನಾ ಸಂಜೆ ಅವ್ವ ಶ್ರುತಿ ಮಾಡುವಾಗ ನಾನು ಅದೇ ಕೋಣೆಯಲ್ಲಿ ಇರುತ್ತೇನೆ, ಆ ಸದ್ದು ನನಗೆ ಕರತಲಪಾಠ. ಕುದುರೆಯ (ತಂತಿಗಳು ಹಾಯುವ ಪಟ್ಟಿ) ಮೇಲೆ ತಂತಿಯ ಕೆಳಗೆ ಹತ್ತಿಯ ಎಳೆ ಇರುತ್ತದಲ್ಲ, ಅದನ್ನು ಕೂದಲೆಳೆಯಷ್ಟು ಮುಂದೆ ಜರುಗಿಸಿದರೆ ಸಪ್ಪೆ ತಂತಿ ಇದ್ದಕ್ಕಿದ್ದ ಹಾಗೆ ಝೇಂಕರಿಸುತ್ತದೆ. ಅದೇ ಜವಾರಿ. ನಾನು ಅವ್ವ ಕೂರುವ ಜಾಗದಲ್ಲೇ ರೆಕಾರ್ಡರ್ ಇಟ್ಟು ಎಳೆ ಜರುಗಿಸುವುದನ್ನೂ ಸೇರಿಸಿ ಹತ್ತು ನಿಮಿಷ ಹಿಡಿದೆ. ಮೂರೂ ಹೆಡ್‌ಫೋನಿನಲ್ಲಿ ಕೇಳಿದೆ, ನಡುನಡುವೆ ನಿಜವಾದ ತಂತಿ ಮೀಟಿ ನೋಡಿದೆ.

ಪ್ಲೇನಾರಿನಲ್ಲಿ ಖರ್ಜದ (ಕೆಳಗಿನ ಷಡ್ಜದ) ತಂತಿ ತಂಬೂರಿಯ ಬುರುಡೆ ಸಮೇತ ಕೇಳಿಸಿತು, ಮನೆಯದ್ದಕ್ಕಿಂತ ದೊಡ್ಡ ಬುರುಡೆ. 800 ಎಸ್‌ನಲ್ಲಿ ಎಳೆ ಸರಿದ ಕ್ಷಣ ನಿಜಕ್ಕಿಂತಲೂ ಸ್ಪಷ್ಟ, ಬೆರಳು ತಂತಿ ಬಿಟ್ಟ ಸದ್ದು ಕೂಡ. 650ಯಲ್ಲಿ ಅಷ್ಟು ವಿವರ ಇಲ್ಲ.

ಅವ್ವನಿಗೂ ಹಾಕಿಸಿದೆ. ಯಾವುದು ಯಾವ ಬೆಲೆಯದ್ದು ಅಂತ ಹೇಳಲಿಲ್ಲ. ಪ್ಲೇನಾರ್ ಹಾಕಿದ ತಕ್ಷಣ "ಭಾರ ಐತಿ, ತೆಗಿ" ಅಂದರು. 800 ಎಸ್‌ನಲ್ಲಿ ಸ್ವಲ್ಪ ಹೊತ್ತು ಕೇಳಿ, "ಯಾರೋ ಹೊಸ ತಂತಿ ಹಾಕ್ಯಾರ" ಅಂದರು. 650ಯಲ್ಲಿ ಕಣ್ಣು ಮುಚ್ಚಿ ಕೂತರು. ಎರಡು ನಿಮಿಷ ಆದಮೇಲೆ "ಪಂಚಮ ಇಳಿದೈತಿ, ಹಂಗ ರೆಕಾರ್ಡ್ ಮಾಡಿಯಲ್ಲೋ" ಅಂತ ನನ್ನನ್ನೇ ಬೈದರು.

ಅವ್ವನ ಮಾತನ್ನು ನಾನು ಪೂರ್ತಿ ತೀರ್ಪು ಅಂತ ತೆಗೆದುಕೊಂಡಿಲ್ಲ. ಅರವತ್ತೆಂಟರ ಕಿವಿಗೆ ಮೇಲಿನ ಸ್ವರಗಳು ಕಡಿಮೆ ಕೇಳಿಸುತ್ತವೆ, ಮಗ್ಗದ ಮನೆಯವರ ಮಾತು ನೆನಪಿದೆ. ಆದರೂ ಲಕ್ಷ ಕೊಡುವ ಆತುರ ಈಗಿಲ್ಲ. 800 ಎಸ್ ಹಳೆಯದು ಯಾರಾದರೂ ಚಲೋ ಸ್ಥಿತಿಯಲ್ಲಿ ಮಾರಿದರೆ ನೋಡುತ್ತೇನೆ, ಬೇಸ್‌ಗೆ ಎರಡು ಡೆಸಿಬಲ್ ಈಕ್ಯೂ ಹಾಕಿಕೊಂಡು. ಗ್ರಾಫ್ ತಮ್ಮನಿಗೆ ಅಷ್ಟು ಋಣ ತೀರಿಸಬೇಕು.

ಸ್ನೇಹಿತರು ಬರಲು ಇನ್ನೂ ಐದು ದಿನ ಇದೆ. ಬರುವ ಭಾನುವಾರ ನಮ್ಮ ಮನೆಗೇ ಬನ್ನಿ, ಎಲ್ಲರೂ ಕೇಳಿ ನೋಡೋಣ. ಫೋನ್ ಮಾಡಿ ಅವರನ್ನೂ ಕೇಳಿದ್ದೇನೆ, ಬೀಳಿಸಬೇಡಿ ಅಂದರು ಅಷ್ಟೇ. ಕುಂದಾ ನನ್ನ ಕಡೆಯಿಂದ. ಕುಂದಾ ತಿಂದ ಕೈಯಲ್ಲಿ ಪ್ಯಾಡ್ ಮುಟ್ಟುವ ಹಾಗಿಲ್ಲ.

ಗ್ರಾಫ್_ಪ್ರಿಯ, ವಿಜಯಪುರ

ಬರುತ್ತೇನೆ ಸರ್. ಅಳೆಯುವ ಮೈಕ್ ತರುತ್ತೇನೆ. ಗುಮ್ಮಟದ ಕಾಕಾ ಜೊತೆ ಒಂದೇ ಬಸ್ಸಿಗೆ.

ಮಗ್ಗದ_ಮನೆ, ಬನಹಟ್ಟಿ

ನಾನು ಕ್ಲೋಸ್ಡ್ ಬ್ಯಾಕ್ ತರುತ್ತೇನೆ. ಒಂದು ವಿನಂತಿ, ವಾಲ್ಯೂಮ್ ನಾಬ್ ನನ್ನ ಕೈಯಲ್ಲಿರಲಿ.

ನವನಗರ_ಬಿಸಿಲು, ಬಾಗಲಕೋಟೆ

ನಾನು ಬೆಂಡೋಲೆ ಹಾಕಿಕೊಂಡೇ ಬರುತ್ತೇನೆ. ಅವ್ವನವರ ತಂಬೂರಿ ಹೆಡ್‌ಫೋನ್ ಇಲ್ಲದೆ ಒಮ್ಮೆ ಕೇಳಿಸಬೇಕು.

ಬೆಸುಗೆ_ಕಡ್ಡಿ, ಗೋಕಾಕ

ಮಲ್ಟಿಮೀಟರ್, ರಟ್ಟು, ಬೆಸುಗೆ ಡಬ್ಬಿ ನನ್ನದು. ದಪ್ಪ ಪಿನ್ನಿನಿಂದ ಸಣ್ಣ ಪಿನ್ನಿಗೆ ಹೋಗುವ ಅಡಾಪ್ಟರ್ ನನ್ನ ಹತ್ತಿರ ಒಂದೇ ಇದೆ, ಅದೂ ಕರಕರ ಅನ್ನುತ್ತದೆ. ಇನ್ನೊಂದು ಯಾರಾದರೂ ತನ್ನಿ. ಬೆಳ್ಳಿಯದಾದರೂ ನಡೆಯುತ್ತದೆ.